ಗೋಡೆಯ ಮೇಲೆ ನನ್ನ ಪತ್ರ

ನೆಲೋಗಿ,
6 ನವೆಂಬರ್, ಗುರುವಾರ

ಪ್ರೀತಿಯ ಮಾಸ್ತರರಿಗೆ,

ಆರಾಮ ಇದ್ದೀರಾ? ಮೈಸೂರಿನ ಚಳಿಗೆ ನಿಮ್ಮ ಮೊಣಕಾಲು ಮತ್ತೆ ಹಿಡಿದುಕೊಂಡಿಲ್ಲ ತಾನೇ? ತರಬೇತಿಯ ಹಾಸ್ಟೆಲಿನಲ್ಲಿ ಮೂರು ಹೊತ್ತೂ ಅನ್ನ ಹಾಕುತ್ತಾರೆ ಎಂದು ಬರೆದಿದ್ದಿರಿ. ಅನ್ನ ತಿಂದು ತಿಂದು ಹೊಟ್ಟೆ ಬರಬಹುದು, ಸಂಜೆ ನಾಲ್ಕು ಹೆಜ್ಜೆ ನಡೆಯಿರಿ, ಆದರೆ ಒಬ್ಬರೇ ನಡೆಯಿರಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ತೊಗರಿ ಹೂ ಬಿಟ್ಟಿದೆ. ಅಮೃತಳಿಗೆ ಮುಂದಿನ ಹಲ್ಲು ಬಿದ್ದಿದೆ, ಅಪ್ಪ ಬರುವ ತನಕ ಫೋಟೋ ತೆಗೆಯಬೇಡ ಎಂದು ಬಾಯಿ ಮುಚ್ಚಿಕೊಂಡೇ ತಿರುಗುತ್ತಾಳೆ. ಇಷ್ಟು ಕುಶಲದ ಮಾತು ಸಾಕು. ಉಳಿದದ್ದನ್ನು ಫೋನಿನಲ್ಲಿ ಹೇಳಲಾರದೆ ಕಾಗದ ಹಿಡಿದಿದ್ದೇನೆ. ಫೋನಿನಲ್ಲಿ ಜಗಳ ತೆಗೆದರೆ ಈ ಕಡೆ ಅತ್ತೆಯವರಿಗೆ ಕೇಳಿಸುತ್ತದೆ, ಆ ಕಡೆ ನಿಮ್ಮ ಪಕ್ಕದಲ್ಲಿ ಇರುವವರಿಗೆ ಕೇಳಿಸುತ್ತದೆ. ಯಾರು ಇರುತ್ತಾರೆ ಎಂದು ನಾನು ಬರೆಯಬೇಕಾಗಿಲ್ಲ.

ಸೋಮವಾರ ನಿಮ್ಮ ಲಕೋಟೆ ಬಂತು. ಅದರೊಳಗೆ ನಾನು ನಿಮಗೆ ಬರೆದ ಇಂಗ್ಲಿಷ್ ಪತ್ರ ಇತ್ತು. ನೀವು ಹೋಗುವಾಗ ಏನು ಹೇಳಿದ್ದಿರಿ, ನೆನಪಿದೆಯೇ? ಡಿಗ್ರಿಯ ಇಂಗ್ಲಿಷ್ ಪೇಪರಿನಲ್ಲಿ ನಾನು ಎರಡು ಸಲ ಬಿದ್ದವಳು, ಇದೇ ಇಪ್ಪತ್ತಕ್ಕೆ ಜೇವರ್ಗಿಯಲ್ಲಿ ಕಡೆಯ ಅವಕಾಶ. ಇದೂ ತಪ್ಪಿದರೆ ಡಿಗ್ರಿಯೂ ಇಲ್ಲ, ಬಿ.ಎಡ್ಡೂ ಇಲ್ಲ. ಅದಕ್ಕೇ ನೀವು, "ವಾರಕ್ಕೊಂದು ಪತ್ರ ಇಂಗ್ಲಿಷಿನ್ಯಾಗ ಬರಿ, ನಾನೇ ತಿದ್ದಿ ಕಳಸ್ತೇನಿ" ಅಂದಿರಿ. ನಾನೇ ಅಂದಿರಿ. ಆ ಮಾತನ್ನು ನಂಬಿ, ಅಮೃತ ಮಲಗಿದ ಮೇಲೆ ನಾಲ್ಕು ದಿನ ಕೂತು, ಒಂದೂವರೆ ಪುಟ ಬರೆದೆ. ತಿರುಗಿ ಬಂದ ಪುಟದ ತುಂಬ ಕೆಂಪು ಗೆರೆ. ಅಕ್ಷರ ನಿಮ್ಮದಲ್ಲ. ದುಂಡಗಿನ ಚೆಂದದ ಅಕ್ಷರ, ನೋಡಿದ ಕೂಡಲೇ ಹೆಂಗಸಿನದು ಎಂದು ಗೊತ್ತಾಯಿತು. ನೀವು ಸಂಗಡ ಚೀಟಿ ಬೇರೆ ಇಟ್ಟಿದ್ದಿರಿ. ತರಬೇತಿ ಕೊಡುವ ಜಯಮಾಲಾ ಮೇಡಂ ತಿದ್ದಿದ್ದಾರೆ, ನಮ್ಮ ಕಡೆಯ ಕಡಗಂಚಿ ಊರಿನವರೇ, ಕ್ರಿಯಾಪದದ ಬೆನ್ನಿಗೆ ಬೇಡದ ಶಬ್ದ ಹಚ್ಚುವ ತಪ್ಪಿನ ಪಾಠಕ್ಕೆ ನಿನ್ನ ಪತ್ರವೇ ಉದಾಹರಣೆ ಆಯಿತು, ಪ್ರೊಜೆಕ್ಟರ್ ಹಚ್ಚಿ ಗೋಡೆಯ ಮೇಲೆ ತೋರಿಸಿದರು, ನಲವತ್ತು ಮಂದಿ ಶಿಕ್ಷಕರಿಗೆ ಬಹಳ ಉಪಯೋಗ ಆಯಿತು ಎಂದು ಬರೆದಿದ್ದಿರಿ. ಇದನ್ನು ಓದಿ ನಾನು ಖುಷಿಪಡುತ್ತೇನೆ ಎಂದು ನಿಮ್ಮ ಎಣಿಕೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ.

ತಪ್ಪು ತಪ್ಪೇ, ಇಲ್ಲ ಎನ್ನುವುದಿಲ್ಲ. 'ರೀಚ್ಡ್ ಟು ನೆಲೋಗಿ' ಎಂದು ಬರೆದಿದ್ದೆ, ಮೇಡಂ 'ಟು' ಹೊಡೆದು ಹಾಕಿದರು. 'ಫೋನ್ಡ್ ಟು ಯೂ' ಅಂದಿದ್ದೆ, ಅಲ್ಲಿಯ 'ಟು' ಕೂಡ ಹೋಯಿತು. ಅತ್ತೆಯವರ ಕಣ್ಣಿನ ಆಪರೇಶನ್ ವಿಷಯ 'ಡಿಸ್ಕಸ್ ಅಬೌಟ್' ಮಾಡಬೇಕು ಎಂದಿದ್ದೆ, 'ಅಬೌಟ್' ಹೋಯಿತು. ಕನ್ನಡದಲ್ಲಿ ನಾವು ಊರಿಗೆ ಮುಟ್ಟುತ್ತೇವೆ, ನಿಮಗೆ ಫೋನು ಮಾಡುತ್ತೇವೆ, ಒಂದು ವಿಷಯದ ಬಗ್ಗೆ ಮಾತಾಡುತ್ತೇವೆ. ಬಾಯಿಗೆ ಬಂದದ್ದು ಕೈಗೂ ಬಂತು. ಅವನ್ನೆಲ್ಲ ಹೊಡೆಯಲಿ, ನನಗೆ ಸಂಕಟವಿಲ್ಲ. ಆದರೆ ಕೊನೆಯಲ್ಲಿ, ಏಳು ವರ್ಷದ ಹಿಂದೆ ಕರಜಗಿಯಲ್ಲಿ ನಾನು ನಿಮ್ಮ ಜೊತೆ ಮದುವೆಯಾದೆ ಎನ್ನಲು 'ಮ್ಯಾರೀಡ್ ವಿತ್ ಯೂ' ಎಂದು ಬರೆದಿದ್ದೆನಲ್ಲ, ಅದರ 'ವಿತ್' ಮೇಲೆ ಆಕೆ ಎರಡು ಗೆರೆ ಎಳೆದಿದ್ದಾಳೆ. ಉಳಿದದ್ದಕ್ಕೆಲ್ಲ ಒಂದೇ ಗೆರೆ. ನನಗೂ ನಿಮಗೂ ನಡುವೆ ಆಕೆಯ ಪೆನ್ನು ಯಾಕೆ ಬರಬೇಕಿತ್ತು? ಹೌದು, ನನಗೆ ಹೊಟ್ಟೆಕಿಚ್ಚು. ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಮುಚ್ಚಿಟ್ಟು ಏನು ಮಾಡಲಿ?

ಇನ್ನೂ ದೊಡ್ಡದು ಬೇರೆ ಇದೆ. ನಾನು ನಿಮ್ಮ ಹೆಸರು ಹಿಡಿದು ಕರೆಯುವವಳಲ್ಲ. ಮದುವೆಯ ದಿನ ನಿಮ್ಮ ಅತ್ತಿಗೆಯವರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದಾಗ, ನಾಲ್ಕು ಸಾಲಿನ ಒಡಪು ಕಟ್ಟಿ, ಅದರ ಕೊನೆಯಲ್ಲಿ ಮೆಲ್ಲಗೆ ಸೇರಿಸಿ ಹೇಳಿದ್ದೆ. ಅಷ್ಟೇ. ಆಮೇಲೆ ಏಳು ವರ್ಷ ನೀವು 'ಇವರು', 'ಅಮೃತಳ ಅಪ್ಪ', 'ಮಾಸ್ತರರು'. ಆದರೆ ಇಂಗ್ಲಿಷಿನಲ್ಲಿ ಬರೆಯುವಾಗ ಯಾಕೋ ನಾಚಿಕೆ ಬರಲಿಲ್ಲ. 'ಡಿಯರ್ ಗುರುಶಾಂತ' ಎಂದು ಶುರು ಮಾಡಿದೆ. ಬರೆದು, ಅದನ್ನೇ ನೋಡುತ್ತ ಎಷ್ಟೋ ಹೊತ್ತು ಕೂತೆ. ನೀವು ಒಬ್ಬರೇ ಓದುತ್ತೀರಿ ಎಂದು ಬರೆದದ್ದು ಅದು. ಅದನ್ನು ನಲವತ್ತು ಮಂದಿಯ ಮುಂದೆ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದಿರಿ. ಆ ಮೇಡಂಗೆ ಅದು ದೊಡ್ಡ ವಿಷಯವಲ್ಲ. ಮೊನ್ನೆ ನೀವು ಫೋನಿನಲ್ಲಿ ಇರುವಾಗಲೇ ಹಿಂದಿನಿಂದ, "ಗುರುಶಾಂತ, ಊಟಕ್ಕ ಬರ್ರಿ" ಎಂದು ಕರೆದದ್ದು ನನಗೆ ಕೇಳಿಸಿತು. ನಾನು ಏಳು ವರ್ಷ ಬಾಯಲ್ಲಿ ಕಾಪಾಡಿದ್ದನ್ನು ಆಕೆ ಊಟದ ಗಂಟೆಯ ಹಾಗೆ ಬಳಸುತ್ತಾಳೆ.

ಅತ್ತೆಯವರಿಗೂ ಗೊತ್ತಾಗಿದೆ. ರೊಟ್ಟಿ ಬಡಿಯುವಾಗ ನನ್ನನ್ನೇ ದಿಟ್ಟಿಸಿ, "ಅಕಿ ಯಾರ ಬೇ, ಜಯಮಾಲಾ? ನನ್ನ ಮಗ ಈಗೀಗ ಅಕಿ ಹೆಸರ ಭಾಳ ತಗೋತಾನ" ಅಂದರು. ಪಾಠ ಹೇಳುವವರು ಎಂದೆ. "ಪಾಠ ಯಾರಿಗಿ ಬೇಕಾಗ್ಯದೋ" ಎಂದು ಹಿಟ್ಟು ಝಾಡಿಸಿ ಎದ್ದು ಹೋದರು. ನಿಮ್ಮ ತಾಯಿ ನನ್ನ ಪಕ್ಷ ವಹಿಸಿದ್ದು ಏಳು ವರ್ಷದಲ್ಲಿ ಇದೇ ಮೊದಲು, ಅದಕ್ಕಾದರೂ ಆ ಮೇಡಂಗೆ ಋಣಿಯಾಗಿರಬೇಕು.

ಈಗ ನನ್ನ ಸ್ಥಿತಿ ಕೇಳಿರಿ. ಪರೀಕ್ಷೆಗೆ ಹದಿನಾಲ್ಕು ದಿನ ಉಳಿದಿದೆ, ನನ್ನಿಂದ ಒಂದು ಸಾಲು ಇಂಗ್ಲಿಷ್ ಬರೆಯಲು ಆಗುತ್ತಿಲ್ಲ. ಪೆನ್ನು ಹಿಡಿದರೆ ಆ ಗೋಡೆ ಕಾಣುತ್ತದೆ, ನಲವತ್ತು ಮಂದಿ ನಗುವುದು ಕೇಳಿಸುತ್ತದೆ. ನಿನ್ನೆ ಪುಸ್ತಕವನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಪರೀಕ್ಷೆಗೆ ಹೋಗುವ ಮನಸ್ಸಿಲ್ಲ. ಪುಟದ ಕೆಳಗೆ ಆಕೆ ತನ್ನ ಫೋನ್ ನಂಬರ್ ಬರೆದಿದ್ದಾಳೆ, ಸಂಶಯ ಬಂದರೆ ಕೇಳಬೇಕಂತೆ. ಸಂಶಯ ಬಂದೇ ಇದೆ, ಆದರೆ ಅದು ಇಂಗ್ಲಿಷಿನ ಸಂಶಯವಲ್ಲ. ಒಂದು ದಿನ ಫೋನು ಹಚ್ಚಿ ನಾಲ್ಕು ಮಾತು ಕೇಳಿಯೇ ಬಿಡುತ್ತೇನೆ.

ಅತ್ತೆಯವರ ಆಶೀರ್ವಾದ, ಅಮೃತಳ ಮುತ್ತು. ನನ್ನದು ಏನೂ ಇಲ್ಲ ಎಂದು ಬರೆಯಬೇಕು ಅಂದುಕೊಂಡೆ, ಕೈ ಬರಲಿಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ,
ಶಿವಕಾಂತಾ

ತಾ.ಕ. 20ನೇ ತಾರೀಖು, ಜೇವರ್ಗಿ ಬಸ್ ನಿಲ್ದಾಣ. ಈ ಪತ್ರ ಇಷ್ಟು ದಿನ ನನ್ನ ಚೀಲದಲ್ಲೇ ಇತ್ತು, ನೆಲೋಗಿ ಬಸ್ಸು ಬರುವುದರೊಳಗೆ ಇಷ್ಟು ಬರೆದು ಇವತ್ತೇ ಅಂಚೆಗೆ ಹಾಕುತ್ತೇನೆ. ಬೈಯಬೇಕೆಂದೇ ಜಯಮಾಲಾ ಅವರಿಗೆ ಫೋನು ಮಾಡಿದೆ. ಹೆಂಡತಿಯನ್ನು ಕೇಳಿಯೇ ಆ ಪತ್ರ ತೋರಿಸಲು ಕೊಡುತ್ತಿದ್ದೇನೆ ಎಂದು ನೀವು ಅವರಿಗೆ ಹೇಳಿದ್ದಿರಂತೆ. ನನ್ನನ್ನು ಯಾರೂ ಕೇಳಿಲ್ಲ ಎಂದೆ. ಆ ಹೆಣ್ಣುಮಗಳು ಕೂಡಲೇ, "ತಪ್ಪಾತ್ರಿ ಅಕ್ಕಾ. ನನ್ನ ಪತ್ರ ಯಾರರೆ ಹಂಗ ತೋರಿಸಿದ್ರ ನಾ ಸುಮ್ಮ ಇರ್ತಿದ್ದಿಲ್ಲ" ಅಂದರು. ಅಂದಿನಿಂದ ದಿನಾ ಸಂಜೆ ಒಂದು ತಾಸು ಫೋನಿನಲ್ಲೇ ಪಾಠ ಹೇಳಿದರು, ನೀವು ಮೊಣಕಾಲು ಮರೆತು ವಾಲಿಬಾಲ್ ಆಡುವ ಹೊತ್ತಿನಲ್ಲಿ. ನಿಮಗೆ ಹೇಳಬೇಡಿ ಎಂದು ನಾನೇ ಆಣೆ ಹಾಕಿದ್ದೆ. ಪರೀಕ್ಷೆ ಬರೆದೆ. ಈ ಸಲ ಬೀಳುವುದಿಲ್ಲ. ಹೊರಗೆ ಬಂದ ಕೂಡಲೇ ಅವರಿಗೇ ಮೊದಲು ಹೇಳಿದೆ, ನಿಮಗೆ ಅಂಚೆಯವನು ಹೇಳಲಿ. ಇನ್ನು ಮೇಲೆ ಇಂಗ್ಲಿಷ್ ಪತ್ರ ಅವರಿಗೆ. ನಿಮಗೆ ಕನ್ನಡದಲ್ಲಿ ಬರೆಯುತ್ತೇನೆ, ಅದೂ ನೀವು 'ತಪ್ಪಾಯಿತು' ಎಂದು ಬರೆದ ಮೇಲೆ. ಅವರು ಆ ಮಾತು ಹೇಳಿ ಹನ್ನೆರಡು ದಿನವಾಯಿತು.