ಹನ್ನೆರಡು ಗಂಟುಗಳು

ಜನವರಿ 6, ಸೋಮವಾರ. ಬೆಳಗ್ಗೆ 5.40

ಮತ್ತೆ ನಿದ್ದೆಯಿಲ್ಲ. ಮಗಳು ನೈಲಾ ಮೂರು ಸಲ ಎದ್ದಳು. ನಾನು ಒಂಬತ್ತು ಸಲ — ಉಸಿರಾಡುತ್ತಿದ್ದಾಳೋ ಇಲ್ಲವೋ ನೋಡಲು. ಮೂಗಿನ ಕೆಳಗೆ ಬೆರಳು ಹಿಡಿದು ಕೂತೇ ಇದ್ದೆ. ಹಸುಗೂಸಿನ ನೆತ್ತಿಯಲ್ಲಿ ಒಂದು ಪರಿಮಳ ಇರುತ್ತದಂತೆ. ಇವಳ ನೆತ್ತಿಗೆ ಕೊಳೆತ ಮೊಟ್ಟೆಯ ವಾಸನೆ. ಇಡೀ ಊರಿಗೇ ಅದು. ಹಿತ್ತಲಾಚೆ ಗಂಧಕದ ಬುಗ್ಗೆಗಳು ಕುದಿಯುತ್ತಲೇ ಇರುತ್ತವೆ. ದಿಂಬು, ಟವೆಲ್, ನನ್ನ ಕೂದಲು... ಹಾಲಿಗೂ ಇಳಿದಿದೆಯೋ ಏನೋ.

ಇವತ್ತು ಹಡಗಿನ ದಿನ, ದ್ವೀಪಕ್ಕೆ ಪ್ರವಾಸಿಗಳು ಬರುವ ದಿನ. ಅತ್ತೆ, ಮಾ ಫಿಲೊಮೆನ್, ಆಗಲೇ ದೊಡ್ಡ ಪಾತ್ರೆಯಲ್ಲಿ ಕೊಕೊ ಚಹಾ ಇಟ್ಟಿದ್ದಾರೆ. ಹತ್ತಕ್ಕೆ ನನ್ನ ಗಂಡ ವರ್ನೆಲ್ ಬಂದರಿನಿಂದ ವ್ಯಾನು ತುಂಬಿಸಿಕೊಂಡು ಬರುತ್ತಾನೆ. ಜಲಪಾತ, ಕೆಸರು ಸ್ನಾನ, ಕೊನೆಗೆ ನಮ್ಮ ಅಂಗಳ. 'ಪ್ರಕೃತಿ ಮತ್ತು ಸಂಸ್ಕೃತಿ — ಅರ್ಧ ದಿನದಲ್ಲಿ.' ಆ ಕರಪತ್ರ ಬರೆದವಳು ನಾನೇ. ಪ್ರವಾಸೋದ್ಯಮ ಓದಿ ಡಿಗ್ರಿ ಪಡೆದ ಸೊಸೆ.

ಮಧ್ಯಾಹ್ನ 3

ಹೋದರು. ಅಂಗಳದ ತುಂಬ ಪೇಪರ್ ಲೋಟ, ಬೂದುಕೆಸರಿನ ಹೆಜ್ಜೆಗಳು. ಸನ್‌ಸ್ಕ್ರೀನಿನ ಜಿಡ್ಡು ಕುರ್ಚಿಗೆಲ್ಲ ಮೆತ್ತಿದೆ. ತಿರುವು ದಾರಿ ತಾಳದೆ ಒಬ್ಬ ದಾಸವಾಳದ ಬುಡಕ್ಕೇ ವಾಂತಿ ಮಾಡಿದ. ನೀರು ಹೊಯ್ದವಳು ನಾನು.

ಮಾ ಚೌಕಳಿ ಲಂಗ ಉಟ್ಟು, ತಲೆಗೆ ಬಟ್ಟೆ ಸುತ್ತಿ, ವರ್ನೆಲ್‌ನ ದೀವಿಹಲಸಿನ ಮರ ತೋರಿಸಿದರು. ಮಗು ಹುಟ್ಟಿದಾಗ ಹೊಕ್ಕುಳಬಳ್ಳಿ ಹೂತು ಅದರ ಮೇಲೆ ಗಿಡ ನೆಡುತ್ತೇವೆ, ಅವನು ಎಲ್ಲೇ ಹೋಗಲಿ ಇಲ್ಲಿಯವನೇ... ಅಂತ. ಎಲ್ಲರೂ 'ಆಹಾ' ಅಂದರು. ಆಮೇಲೆ ಒಬ್ಬೊಬ್ಬರ ಕೈಗೂ ಒಂದು ಕೆಂಪು ಬಟ್ಟೆಯ ಗಂಟು. ಒಳಗೆ ಒಂದು ಚೂರು ಒಣಶುಂಠಿ. ಕಪ್ಪಗೆ ಮುರುಟಿಕೊಂಡು ಥೇಟ್ ಬಳ್ಳಿಯ ಹಾಗೇ ಕಾಣುತ್ತದೆ. 'ನಿಮ್ಮ ಊರಲ್ಲಿ ಹೂತುಬಿಡಿ, ಮಕ್ಕಳಾ.' ಆ ಉಪಾಯವೂ ನನ್ನದೇ. ನೆನಪಿನ ಕಾಣಿಕೆ. ಥೂ.

ಒಬ್ಬ ಹೆಂಗಸು ಕೆಸರು ಮೆತ್ತಿದ ಉಗುರಿನ ಬೆರಳನ್ನು ನೈಲಾಳ ಬಾಯಿಗೇ ಇಟ್ಟಳು. ನಾನು ಕಿತ್ತುಕೊಂಡು ಒಳಗೆ ಓಡಿದೆ. ಹತ್ತಿಯಲ್ಲಿ ಬಾಯಿ ಒರೆಸಿದೆ, ಒರೆಸಿದೆ, ಅದು ಅಳುವವರೆಗೂ ಒರೆಸಿದೆ.

ಮಾ ಬಾಗಿಲಲ್ಲಿ ನಿಂತು ನಕ್ಕರು. "ಸಾಯಲ್ಲ ಬಿಡೇ. ಔಷಧದ ಮಣ್ಣು ಅದು. ನೀನೇ ಬರೆದಿದ್ದೀಯಲ್ಲ?"

ಜನವರಿ 8, ಬುಧವಾರ

ನೈಲಾಳ ಬಳ್ಳಿ ಉದುರಿ ಹನ್ನೊಂದು ದಿನ. ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟಿದ್ದೇನೆ. ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತೇನೆ. ಈ ತೇವದಲ್ಲಿ ಬೂಷ್ಟು ಹಿಡಿದರೆ? ಇಲಿ ಒಯ್ದರೆ?

ಎಲ್ಲಿ ಹೂಳುವುದು ಅಂತ ಇವತ್ತೂ ಜಗಳ.

"ಎಲ್ಲಿ ಅಂದ್ರೇನು? ಅಪ್ಪನ ಮರದ ಪಕ್ಕ," ಅಂದರು ಮಾ. "ಹಡಗಿನ ದಿನ ಹೂಳೋಣ. ನಿಜವಾದದ್ದನ್ನೇ ನೋಡ್ಲಿ ಜನ."

"ನನ್ನ ಮಗಳದ್ದು ನೋಡೋ ವಸ್ತು ಅಲ್ಲ ಮಾ. ನಮ್ಮೂರು ಕಲಿಬಿಷಿಗೆ ಒಯ್ತೀನಿ. ನಮ್ಮಮ್ಮನ ಹಿತ್ತಲಿದೆ. ಸಮುದ್ರದ ಗಾಳಿಯಿದೆ."

"ಗಾಳಿಗೇನು ಬೇರು ಬರುತ್ತಾ?"

"ಇಲ್ಲಿ ಜನ ವಾಂತಿ ಮಾಡ್ತಾರೆ."

ವರ್ನೆಲ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಸೀಸನ್ ಮುಗೀಲಿ, ಡುಡು." ಮುದ್ದಿಗೆ ಹಾಗೆ ಕರೆಯುತ್ತಾನೆ, ಅದೂ ತಪ್ಪಿಸಿಕೊಳ್ಳುವಾಗ ಮಾತ್ರ.

ಈ ಹೆಂಗಸಿಗೆ ಯಾವುದರಲ್ಲೂ ನಂಬಿಕೆಯಿಲ್ಲ. ಎಲ್ಲವೂ ಆಟ. ಮಾರುವುದಕ್ಕೆ ನಾಚಿಕೆಯೂ ಇಲ್ಲ.

ಜನವರಿ 13, ಸೋಮವಾರ. ಬೆಳಗ್ಗೆ 7

ಹಡಗು. ಹನ್ನೆರಡು ಜನ. ಗಂಟು ಕಟ್ಟುವ ಕೆಲಸ ನನ್ನದು. ಒಂದು ಕೈಯಲ್ಲಿ ನೈಲಾ, ಒಂದು ಕೈಯಲ್ಲಿ ದಾರ, ದಾರದ ತುದಿ ಹಲ್ಲಿನಲ್ಲಿ. ಬಳ್ಳಿಯ ಪೊಟ್ಟಣ ತೆರೆದು ಬಿಸಿಲಿಗಿಟ್ಟಿದ್ದೇನೆ, ಶುಂಠಿಯ ಪಕ್ಕದಲ್ಲೇ. ಎರಡು ಸಲ ತೂಕಡಿಸಿದೆ. ಹನ್ನೆರಡೂ ಆಯಿತು ಸದ್ಯ.

ಸಂಜೆ 4

ಪೊಟ್ಟಣದಲ್ಲಿ ಶುಂಠಿ ಇದೆ.

ಮೂಸಿದೆ. ಶುಂಠಿಯೇ. ಮೇಜಿನ ಕೆಳಗೆ, ಬುಟ್ಟಿ, ಹಾಸಿಗೆ, ಮಗುವಿನ ಬಟ್ಟೆ... ಎಲ್ಲ ಕೊಡವಿದೆ. ಇಲ್ಲ. ಬಳ್ಳಿಯನ್ನೇ ಗಂಟು ಕಟ್ಟಿ ಕೊಟ್ಟುಬಿಟ್ಟಿದ್ದೇನೆ. ಹಡಗು ಐದಕ್ಕೆ ಹೊರಡುತ್ತದೆ. ವರ್ನೆಲ್ ಫೋನ್ ಎತ್ತುತ್ತಿಲ್ಲ.

ಜನವರಿ 14, ಮಂಗಳವಾರ. ಬೆಳಗ್ಗೆ 6

ನೈಲಾ ಮಲಗಿದ್ದಾಳೆ. ಬರೆಯಬಹುದು.

ನಿನ್ನೆ ಮಾಗೆ ಹೇಳಿದೆ. ಬೈಯುತ್ತಾರೆ, ನಗುತ್ತಾರೆ ಅಂದುಕೊಂಡಿದ್ದೆ. ಎರಡೂ ಇಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತರು. ತಲೆಯ ಬಟ್ಟೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಅವರ ಬಿಳಿ ಕೂದಲು ನಾನು ನೋಡಿದ್ದು ಅದೇ ಮೊದಲು.

"ಇನ್ನು ಈ ಮಗು ಎಲ್ಲೂ ನಿಲ್ಲಲ್ಲ," ಅಂದರು. "ಬಳ್ಳಿ ನೀರಿನ ಮೇಲೆ ಹೋಯ್ತು."

ಆರಕ್ಕೆ ವರ್ನೆಲ್ ಬಂದ. ಕೇಳಿದವನೇ ಸೀದಾ ವ್ಯಾನಿಗೆ ಹೋಗಿ ಕಸದ ಚೀಲ ತಂದ.

"ಮಾ... ನಿಂಗೆ ಹೇಳಿರ್ಲಿಲ್ಲ. ಸುಮಾರು ಜನ ವ್ಯಾನಲ್ಲೇ ಬಿಸಾಕಿ ಹೋಗ್ತಾರೆ. ಪ್ರತಿ ಸಲಾನೂ."

ಮಾ ಅವನನ್ನೇ ನೋಡಿದರು. ಎರಡು ವರ್ಷ ಒಬ್ಬೊಬ್ಬರ ಅಂಗೈ ಮಡಚಿ ಮಡಚಿ ಕೊಟ್ಟ ಗಂಟುಗಳು. "ಸುರಿ," ಅಂದರು.

ಅಂಗಳದಲ್ಲಿ ಸುರಿದ. ಬಾಳೆಸಿಪ್ಪೆ, ಒದ್ದೆ ಟಿಶ್ಯೂ, ಯಾರದೋ ಗಾಯದ ಪಟ್ಟಿ, ವಾಂತಿಯ ಕವರು. ಅದರ ನಡುವೆ ಕೆಂಪು ಗಂಟುಗಳು. ಎಣಿಸಿದೆವು. ಒಂಬತ್ತು. ಮಿಕ್ಕ ಮೂರು ಗಂಟು ಹಡಗು ಹತ್ತಿವೆ.

ಬಿಚ್ಚಿದೆವು. ಒಂಬತ್ತೂ ಕಪ್ಪು, ಒಂಬತ್ತೂ ಮುರುಟಿದವು, ಒಂಬತ್ತಕ್ಕೂ ಬಾಳೆಹಣ್ಣು, ಗಂಧಕ, ಸನ್‌ಸ್ಕ್ರೀನಿನ ವಾಸನೆ. ಹೆತ್ತವಳು ನಾನು, ದಿನಕ್ಕೆ ನಾಲ್ಕು ಸಲ ನೋಡಿದವಳು — ನನಗೇ ಗುರುತು ಸಿಗಲಿಲ್ಲ.

ಮಾ ಮೊದಲನೆಯದನ್ನು ಎತ್ತಿ ಕಚ್ಚಿದರು. "ಶುಂಠಿ." ಉಗಿದರು.

"ಮಾ, ಬೇಡ, ಆ ಕಸದಲ್ಲಿ—"

"ಸುಮ್ನಿರೇ." ಎರಡನೆಯದು. "ಶುಂಠಿ." ಮೂರು, ನಾಲ್ಕು, ಐದು, ಆರು. ಗೋಡೆ ಹಿಡಿದು ನಿಂತೆ. ಖಾರಕ್ಕೆ ಅವರ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು.

ಏಳನೆಯದು. ಕಚ್ಚಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡರು, ಅಷ್ಟೆ. ಕಣ್ಣು ಮುಚ್ಚಿದರು. ಉಗಿಯಲಿಲ್ಲ. ಅಂಗೈಗೆ ತೆಗೆದುಕೊಂಡು ಲಂಗದಲ್ಲಿ ಒರೆಸಿದರು.

"ಉಪ್ಪು," ಅಂದರು. "ಪೊಟ್ಟಣ ತಾ."

ಜನವರಿ 22, ಬುಧವಾರ. ಬೆಳಗ್ಗೆ 11

ಇಷ್ಟು ದಿನ ಬರೆಯಲು ಆಗಲಿಲ್ಲ. ನಡುವೆ ಎರಡು ಹಡಗು ಬಂದು ಹೋದವು. ಮಾ ಗಂಟು ಕಟ್ಟಿಸಲಿಲ್ಲ. ಒಬ್ಬಳು ಕರಪತ್ರ ಹಿಡಿದು, ಇದರಲ್ಲಿ ಇದೆಯಲ್ಲ, ನನ್ನದೆಲ್ಲಿ ಅಂತ ಕೇಳಿದಳು. "ಮುಗೀತು," ಅಂದರು ಮಾ. "ಚಹಾ ಕುಡೀರಿ." ವರ್ನೆಲ್‌ನ ಮರದ ಕಡೆ ತಿರುಗಿಯೂ ನೋಡಲಿಲ್ಲ.

ನಿನ್ನೆ ಪೊಟ್ಟಣ ತಂದು ನನ್ನ ಮುಂದೆ ಇಟ್ಟರು. "ನಿನ್ನೂರಿಗೇ ಒಯ್ಯಿ. ನಾನು ಅಡ್ಡ ಬರಲ್ಲ."

ಅದನ್ನೇ ತಾನೇ ಕೇಳಿದ್ದು ನಾನು? ಆದರೆ ಬಾಯಿಂದ ಬಂದದ್ದು ಬೇರೆ. "ಇಲ್ಲೇ, ಮಾ. ಅಡಿಗೆಮನೆ ಹಿಂದೆ. ಬಟ್ಟೆ ಒಗೆಯೋ ಕಲ್ಲಿನ ಹತ್ರ."

"ಅಲ್ಲಿ ನಾರುತ್ತಲ್ಲೇ! ಕೋಳಿ ಹಿಕ್ಕೆ, ಸೋಪಿನ ನೀರು..."

"ಅದಕ್ಕೇ. ಅಲ್ಲಿಗೆ ಯಾರೂ ಬರಲ್ಲ."

ಮಾ ಎದ್ದು ಸಸಿ ಹುಡುಕಲು ಹೋದರು.

ಇವತ್ತು ಹಡಗಿಲ್ಲ. ಬೆಳಗ್ಗೆ ವರ್ನೆಲ್ ಗುಂಡಿ ತೋಡಿದ. ಫೋಟೊಗೆ ಫೋನ್ ತೆಗೆದ, ನಾನು ನೋಡಿದೆ, ಜೇಬಿಗೆ ಹಾಕಿಕೊಂಡ. ಪೊಟ್ಟಣ ಇಳಿಸಿದೆ. ಏನಾದರೂ ಹೇಳಬೇಕಲ್ಲ... ಬಾಯಿಗೆ ಬಂದದ್ದು ನನ್ನ ಕರಪತ್ರದ ಸಾಲು. "ಭೂಮಿತಾಯಿಯ ಮಡಿಲಿಗೆ—"

ಮಾ ನನ್ನ ಬಾಯಿ ಮುಚ್ಚಿದರು. ಮಣ್ಣಿನ ಕೈಯಿಂದಲೇ. "ಅದು ಹಡಗಿನವರಿಗೆ, ಜೆರ್ಲಿನ್."

ಗುಂಡಿಯ ಅಂಚಿಗೆ ಮಂಡಿಯೂರಿ ಬಗ್ಗಿದರು. ಎತ್ತಿಕೊಂಡಿದ್ದ ನೈಲಾಳ ಹಿಮ್ಮಡಿಯನ್ನು ಮಣ್ಣಿಗೆ ಮುಟ್ಟಿಸಿದರು. ಕೆಸರು ಮೆತ್ತಿತು. ನಾನು ಒರೆಸಲಿಲ್ಲ. ಇಲ್ಲಿನ ಹಳೆಯ ಮಾತು ಕ್ರಿಯೋಲಿನಲ್ಲಿ ಏನೋ ಹೇಳಿದರು, ವರ್ನೆಲ್‌ನ ಬಳ್ಳಿ ಹೂಳುವಾಗ ಅವರ ಅಜ್ಜಿ ಹೇಳಿದ್ದಂತೆ ಅದು. ಮೂರೇ ಮಾತು. ಎರಡು ವರ್ಷದಲ್ಲಿ ಒಬ್ಬ ಪ್ರವಾಸಿಗೂ ಅದನ್ನು ಹೇಳಿಲ್ಲ. ನನಗೂ ಹೇಳಿರಲಿಲ್ಲ.

ಏಳುವಾಗ ನನ್ನ ಭುಜ ಹಿಡಿದುಕೊಂಡು ಕೇಳಿದರು. "ಇದನ್ನೂ ಬರೆದುಬಿಡ್ತೀಯಾ?"

"ಇಲ್ಲ, ಮಾ."

ಈ ಪುಸ್ತಕ ಯಾರು ಓದುತ್ತಾರೆ? ಯಾರೂ ಇಲ್ಲ. ನಿದ್ದೆಗೆಟ್ಟ ತಲೆ ನನ್ನದು, ನಾಳೆ ಮರೆತರೆ ನೈಲಾಗೆ ಏನು ಹೇಳಲಿ? ಇಲ್ಲಿ ಮಾತ್ರ, ಒಂದು ಸಲ. ಮಾ ಹೇಳಿದ್ದು — ಇಲ್ಲ, ಮಾಗೆ ಮಾತು ಕೊಟ್ಟಿದ್ದೇನೆ.