ಸೂಲಿಬೆಲೆ ಕೆರೆಯ ಕೊನೆಯ ಗುಂಡಿ

೧೪ ಮೇ ೧೯೪೫, ಸೋಮವಾರ.

ಕೆರೆಯಲ್ಲಿ ನೀರು ಉಳಿದಿದ್ದದ್ದು ತೂಬಿನ ಮುಂದಿನ ಗುಂಡಿಯಲ್ಲಿ ಮಾತ್ರ. ಮೊಟ್ಟೆ ಕಟ್ಟಿದ ಕೊರವ ಮೀನುಗಳೆಲ್ಲ ಅಲ್ಲಿಯೇ ಸೇರಿದ್ದವು. ಮಳೆಯವರೆಗೆ ಹಿಡಿಯಬೇಡಿ ಎಂದಿದ್ದೆ. ಮೀನಿನ ಇಲಾಖೆಯವನೆಂದು ಊರವರೂ ನನ್ನ ಮಾತು ಕೇಳಿದ್ದರು.

ಇಂದು ಊರಿನ ಮುನಿಗಂಗಮ್ಮ ಕೆಸರಿನಲ್ಲಿ ನಿಂತು ಬುಟ್ಟಿ ತುಂಬಿಸುತ್ತಿದ್ದಳು.

"ಇವನ್ನ ಹಿಡಿದ್ರೆ ಮುಂದಿನ ವರ್ಷ ಮೀನೇ ಇರಲ್ಲ ಕಣಮ್ಮ."

"ಮುಂದಿನ ವರ್ಷಕ್ಕೆ ನನ್ನ ಮಕ್ಳು ಇರ್ಬೇಕಲ್ಲ ಸ್ವಾಮಿ. ರೇಷನ್ ರಾಗಿ ಮುಗ್ದೋಗೈತೆ."

ತಗೊಂಡು ಹೋಗು ಎಂದೆ. ಏರಿಯ ಮೇಲಿಂದ ನೋಡುತ್ತಿದ್ದವರೆಲ್ಲ ಬಲೆ, ಸೀರೆ, ಮಂಕರಿ ಹಿಡಿದು ಇಳಿದರು. ಅವಳನ್ನು ಬಿಟ್ಟವನು ಅವರನ್ನು ಯಾವ ಬಾಯಿಂದ ತಡೆಯಲಿ?

ಸಂಜೆಗೆ ಗುಂಡಿಯಲ್ಲಿ ಬರೀ ರಾಡಿ. ಒಂದು ಜೋಡಿಯನ್ನಾದರೂ ಬೇಡಿ ತಂದು ಬಾವಿಗೆ ಬಿಡಬಹುದಿತ್ತು. ಅದೂ ತೋಚಲಿಲ್ಲ. ಇನ್ನು ಮಳೆ ಬಂದು ಕೆರೆ ಕೋಡಿ ಬಿದ್ದರೂ ಅದರಲ್ಲಿ ಒಂದು ಕೊರವವೂ ಇರುವುದಿಲ್ಲ.