ನನ್ನ ತೊಲೆಯ ಮೇಲೆ ನೀನು

ಚೊರಿಯೋಸ್, ಲಿಮಾ
ಆಗಸ್ಟ್ 3, 2022

ಪ್ರೀತಿಯ ತಂಗಿ ಪ್ರುದೆನ್ಸಿಯಾ,

ಅಸುನ್ಸಿಯೋನ್ ಮಾತೆ ನಿನ್ನನ್ನೂ ನಿನ್ನ ಕುರಿಗಳನ್ನೂ ಚೆನ್ನಾಗಿ ಇಟ್ಟಿರಲಿ. ನಾನು ಆರೋಗ್ಯ. ಮಂಡಿನೋವೊಂದು ಬಿಟ್ಟರೆ ನಿನ್ನ ಭಾವ ತೆಯೋಫಿಲೋನೂ ಗಟ್ಟಿಯಾಗಿದ್ದಾನೆ. ಕಾಗದ ತಡವಾಯಿತೆಂದು ಕ್ಷಮೆ ಕೇಳಬೇಕು. ಆದರೆ ಹನ್ನೊಂದು ವರ್ಷದ ಹಿಂದೆ ನಿನ್ನ ಮನೆಯಿಂದ ಹೇಳದೆ ಕೇಳದೆ ಬೆಳಗಿನ ಬಸ್ಸು ಹತ್ತಿದವಳು, ಆಮೇಲೆ ಒಂದು ಸಾಲೂ ಬರೆಯದವಳು ಯಾವ ಮುಖ ಹೊತ್ತು ಕ್ಷಮೆ ಕೇಳೋದು! ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಅಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಮೊದಲು ಸಿಹಿಸುದ್ದಿ. ಮೂವತ್ತನಾಲ್ಕು ವರ್ಷ ಬಾಡಿಗೆ ಕೋಣೆಗಳಲ್ಲಿ ಸವೆದ ಮೇಲೆ ನಮಗೂ ಒಂದು ಸ್ವಂತ ಮನೆಯಾಯಿತು ಕಣೇ. ಗುಡ್ಡದ ನೆತ್ತಿಯಲ್ಲಿದೆ, ಹತ್ತುವಾಗ ಏದುಸಿರು ಬರುತ್ತದೆ, ಹತ್ತಿದ ಮೇಲೆ ಸಮುದ್ರ ಕಾಣುತ್ತದೆ. ಆಗಸ್ಟ್ 21ರ ಭಾನುವಾರ ಸೂರು ಹಾಕುತ್ತೇವೆ. ನಾವು ಸಾರ್ವಾ ಊರಿನವರು, ತೊಲೆಗೆ ಬಂಧುಬಳಗದ ಚಿತ್ರ ಬರೆದ ಮನೆತನದ ಹಲಗೆ ಕಟ್ಟದೆ ಆ ಮನೆಯಲ್ಲಿ ನಿದ್ದೆ ಬಂದೀತೆ? ಯಾರ್ಯಾರನ್ನು ಬರೆಯಬೇಕೆಂದು ಮನೆಯವರು ಹೆಸರು ಹೇಳಬೇಕು, ಬರೆಸಿ ಹೊತ್ತು ತರುವ ಹೊಣೆ ಕೊಮಾದ್ರೆಯದು. ನನ್ನ ಕೊಮಾದ್ರೆ ಬೆನೀತಾ ಗೊತ್ತಲ್ಲ, ನನ್ನ ಮಗನ ಜ್ಞಾನಸ್ನಾನಕ್ಕೆ ನಿಂತವಳು. ಬಂದವಳೇ ಸೊಂಟದ ಮೇಲೆ ಕೈಯಿಟ್ಟು, "ಯಾರ ಹತ್ರ ಬರೆಸ್ಲಿ ಹೇಳೇ ಸತುರ್ನೀನಾ? ಈ ಬೀದೀಲಿ ಹಲಗೆ ಬರೆಯೋರೆಲ್ಲ ನಿನ್ನ ಕೈಲಿ ಬೈಸ್ಕೊಂಡು ಕಲ್ತೋರು. ಅವ್ರು ಬರೆದ್ರೆ ಸಾಯೋವರೆಗೂ ಮಲ್ಕೊಂಡು ತಪ್ಪು ಎಣಿಸ್ತಿರ್ತೀಯ. ನೀನೇ ಬರಿ, ನಾನು ಹೊತ್ಕೊಂಡು ಬರ್ತೀನಿ" ಎಂದಳು.

ಬರೆಯೋದೇನೋ ಸರಿ, ಕೈ ಎಲ್ಲಿದೆ? ನನ್ನ ಬಲಗೈ ಎರಡು ವರ್ಷದಿಂದ ನಡುಗುತ್ತದೆ. ಬಣ್ಣ ಹಚ್ಚುವ ಗರಿ ಹಿಡಿದರೆ ಮಾತೆಯ ಮೂಗು ಕಿವಿಯ ತನಕ ಹೋಗುತ್ತದೆ. ಬೆನೀತಾಳ ಸೊಸೆ ಲಿಸ್ಬೆತ್ ಮುದ್ರಣದ ಅಂಗಡಿಯಲ್ಲಿ ಮದುವೆ ಕಾರ್ಡು ಬರೆಯುವವಳು. ಅವಳು ತನ್ನ ಡ್ರಾಯಿಂಗ್ ಟ್ಯಾಬ್ಲೆಟ್ ತಂದುಕೊಟ್ಟಳು. ಕಪ್ಪು ಸ್ಲೇಟಿನಂಥದ್ದು, ಅದರ ಮೇಲೆ ಪೆನ್ನು ಆಡಿಸಿದರೆ ಎದುರಿನ ಪರದೆಯಲ್ಲಿ ಗೆರೆ ಮೂಡುತ್ತದೆ. ನಾನು ಮೊದಲು ಮಾಡಿದ್ದೇನು ಗೊತ್ತೆ? ಗರಿಯ ತುದಿ ಚೂಪು ಮಾಡುವ ಅಭ್ಯಾಸದಲ್ಲಿ ಪೆನ್ನನ್ನು ನಾಲಿಗೆಗೆ ಇಟ್ಟೆ. "ಅಯ್ಯೋ ದೊಡ್ಡಮ್ಮ, ಉಗೀರಿ!" ಎಂದು ಕಿರುಚಿದಳು ಹುಡುಗಿ. ಆಮೇಲೆ ಏನೋ ಒಂದನ್ನು ಒತ್ತಿ, ಈಗ ಬರೀರಿ ಅಂದಳು. ನಡುಕವನ್ನೆಲ್ಲ ಆ ಯಂತ್ರ ನುಂಗಿಕೊಂಡು ಗೆರೆಯನ್ನು ಮಾತ್ರ ಉಗುಳಿತು. ನನ್ನ ಹಳೆಯ ಗೆರೆಯೇ! ಖುಷಿಗೆ ಕಣ್ಣಲ್ಲಿ ನೀರು ಬಂತು. ನಾಲ್ಕನೇ ದಿನಕ್ಕೆ ಅವಳಿಗಿಂತ ಚುರುಕಾಗಿ ನಾನೇ ಓಡಿಸುತ್ತಿದ್ದೆ. ಜಂಬ ಅನ್ನಬೇಡ, ಬೇಕಾದರೆ ಅವಳನ್ನೇ ಕೇಳು. ಅದರ ಕೆಂಪು ಪ್ಲಾಸ್ಟಿಕ್ ಬಕೆಟ್ಟಿನ ಕೆಂಪು. ನಾನು ಔಷಧಿ ಶೀಶೆಯಲ್ಲಿಟ್ಟಿದ್ದ ನಮ್ಮೂರ ಕೆಮ್ಮಣ್ಣು ತಂದು ಪರದೆಯ ಪಕ್ಕ ಹಿಡಿದು, ಅದೇ ಬಣ್ಣ ಬರುವ ತನಕ ಲಿಸ್ಬೆತ್‌ಳನ್ನು ಎದ್ದೇಳಲು ಬಿಡಲಿಲ್ಲ.

ಆದರೆ ಒಂದು ಕಡೆ ಎಡವಿದೆ. ನಮ್ಮ ಹಲಗೆ ಬುಡದಿಂದ ಏರಬೇಕು ತಾನೆ? ಕೆಳಗೆ ಮಾತೆ, ಅದರ ಮೇಲೆ ಕೊಮಾದ್ರೆಯ ಹೆಸರು, ಮನೆಯ ಗಂಡ ಹೆಂಡತಿ, ಬಂಧುಗಳು, ಕೊನೆಗೆ ಸೂರ್ಯ. ಪರದೆಯ ಪುಟ ತೆರೆದುಕೊಳ್ಳುವುದು ಮೇಲಿನಿಂದ. ಮೂವತ್ತು ವರ್ಷ ಊರವರ ಹಲಗೆ ಬರೆದ ನಾನು ಮೊದಲು ಸೂರ್ಯನನ್ನೇ ಬರೆದು ಕೆಳಗಿಳಿಯುತ್ತ ಹೋದೆ. ಬೆನೀತಾ ಇಣುಕಿ ನೋಡಿ, "ಏನೇ ಇದು, ಹಂಚು ಹೊದಿಸಿ ಆಮೇಲೆ ಪಾಯ ತೋಡ್ತಿದ್ದೀಯ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ಹಟಕ್ಕೆ ಬಿದ್ದು ಕೆಳಗಿನ ತನಕ ಬರೆದು ಮುಗಿಸಿದೆ. ನೋಡಿದರೆ ಒಂದು ಅಂಕಣ ಉಳಿದಿದೆ!

ಅಪ್ಪನ ಹಲಗೆಯಲ್ಲಿದ್ದಂತೆ ಎಂಟು ಅಂಕಣ ಗೆರೆ ಹಾಕಿದ್ದೆ, ಕೈಗೆ ಅದೇ ರೂಢಿ. ಬೆನೀತಾಗೆ ನಾನು ಹೇಳಿದ್ದ ಹೆಸರುಗಳಿಗೆ ಏಳೇ ಸಾಕು. ಕೆಳಗಿನಿಂದ ಬರೆದಿದ್ದರೆ ಮಿಕ್ಕ ಜಾಗವನ್ನು ಸೂರ್ಯ ತುಂಬಿಕೊಳ್ಳುತ್ತಿದ್ದ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬುಡದ ಮೂರು ಅಂಕಣ ಮಾತೆಗೆ, ಕೊಮಾದ್ರೆಗೆ, ನಮಗೆ ಮೀಸಲು, ಹಾಗಾಗಿ ಈಗ ಖಾಲಿ ಬಿದ್ದದ್ದು ನನ್ನ ಮತ್ತು ತೆಯೋಫಿಲೋನ ತಲೆಯ ಮೇಲೇ, ಒಡಹುಟ್ಟಿದವರ ಜಾಗದಲ್ಲಿ.

"ಇಲ್ಲಿ ಯಾರು?" ಅಂದಳು ಬೆನೀತಾ.

"ಯಾರೂ ಇಲ್ಲ. ಒಂದು ಮರ ಬರೀತೀನಿ."

"ಮರಾನಾ? ಪ್ರುದೆನ್ಸಿಯಾ ಏನ್ ಸತ್ತೋದ್ಲಾ? ಸತ್ತೋರನ್ನೂ ಬರೀತೀವಲ್ಲೇ ನಾವು! ನಿಮ್ಮಮ್ಮನ ಒಂದು ಶಾಲಿಗೋಸ್ಕರ ಇಷ್ಟು ವರ್ಷ ಮುನಿಸು. ಥೂ!"

ಊರೆಲ್ಲ ಹಾಗೇ ಅಂದುಕೊಂಡಿದೆಯಲ್ಲ, ನಾನು ಶಾಲಿಗಾಗಿ ಎದ್ದು ಬಂದೆ ಅಂತ. ನಾನೂ ತಿದ್ದಲಿಲ್ಲ. ಬಾಯಿ ಮುಚ್ಚೇ ಎಂದು ಹೇಳಿ ಮರವನ್ನೇ ಬರೆದೆ. ಒಳ್ಳೇ ಮರ, ಎಲೆ ಎಲೆಯೂ ಬಿಡಿಬಿಡಿ. ಮಾರನೇ ದಿನ ನೋಡಿದರೆ ನನಗೇ ಅಸಹ್ಯವಾಯಿತು. ಅಳಿಸಿ ನಿನ್ನನ್ನು ಬರೆದೆ. ಎಡಗೈಯಲ್ಲಿ ಕದಿರು ತಿರುಗಿಸುತ್ತ, ಟೋಪಿ ಸೊಟ್ಟಗೆ ಹಾಕಿಕೊಂಡು, ನಾಲಿಗೆ ತುಸು ಹೊರಗೆ. ಈ ಯಂತ್ರದಲ್ಲಿ ಒಬ್ಬೊಬ್ಬರೂ ಒಂದೊಂದು ಪದರದಲ್ಲಿರುತ್ತಾರೆ. ಪಕ್ಕದ ಕಣ್ಣಿನ ಗುರುತು ಒತ್ತಿದರೆ ಮಾಯ, ಇನ್ನೊಮ್ಮೆ ಒತ್ತಿದರೆ ಹಾಜರು. ಮೂರು ದಿನ ನಿನ್ನನ್ನು ಓಡಿಸಿದೆ, ಕರೆದೆ, ಮತ್ತೆ ಓಡಿಸಿದೆ. ಕೊನೆಗೆ ಲಿಸ್ಬೆತ್‌ಗೆ, "ಎಲ್ಲಾ ಪದರಾನೂ ಸೇರಿಸಿ ಒಂದೇ ಮಾಡಮ್ಮ" ಅಂದೆ.

"ಆಮೇಲೆ ಯಾರನ್ನೂ ತೆಗೆಯೋಕಾಗಲ್ಲ ದೊಡ್ಡಮ್ಮ."

"ಅದಕ್ಕೇ ಹೇಳ್ತಿರೋದು."

ಆಯಿತು. ಉದ್ದದ ಮರದ ಹಲಗೆಯ ಮೇಲೆ ಅಚ್ಚಾಗಿ ಬಂದು ಬೆನೀತಾಳ ಮನೆಯಲ್ಲಿ ಬಟ್ಟೆ ಸುತ್ತಿಕೊಂಡು ನಿಂತಿದೆ. ಇಷ್ಟು ಚೆನ್ನಾದ ಹಲಗೆ ನಾನು ಯಾರಿಗೂ ಬರೆದುಕೊಟ್ಟಿಲ್ಲ. ಮಾತೆಯ ಹಬ್ಬ ಮುಗಿಸಿಕೊಂಡೇ ಹೊರಡು, ಹದಿನೆಂಟಕ್ಕೆ ಬಸ್ಸು ಹತ್ತಿದರೂ ಸಾಕು. ಪೂಕಾ ಪಿಕಾಂತೆ ಸಾರಿಗೆ ಬೀಟ್‌ರೂಟ್ ನಾನೇ ಅರೆಯುತ್ತೇನೆ, ಕುಡಿಯಲು ಜೋಳದ ಚೀಚಾ ಬೆನೀತಾ ಮಾಡುತ್ತಾಳೆ. ನಿನ್ನ ಗಂಡನನ್ನೂ ಕರೆದುಕೊಂಡು ಬಾ, ತೆಯೋಫಿಲೋಗೆ ಮಣ್ಣು ಕಲಸಲು ಜನ ಬೇಕು.

ದೇವರು ನಿನ್ನ ಒಲೆಯನ್ನು ಆರದಂತೆ ಕಾಯಲಿ, ನಿನ್ನ ಕಾಲಿಗೆ ದಾರಿ ಸುಗಮವಾಗಲಿ.

ನಿನ್ನ ಅಕ್ಕ,
ಸತುರ್ನೀನಾ

ಮರೆತಿದ್ದೆ: ಆ ಶಾಲನ್ನು ನೀನೇ ಹೊದ್ದುಕೋ. ನನಗದು ಎಂದೂ ಬೇಕಿರಲಿಲ್ಲ. ಅವತ್ತು ನಿನ್ನ ಹೊಸ ಮನೆಯಲ್ಲಿ ನೀನು ಸೂಪಿಗೆ ಉಪ್ಪು ಹಾಕುತ್ತಿದ್ದೆ, ನಾನು ತಲೆಯೆತ್ತಿ ನಿನ್ನ ತೊಲೆಯ ಹಲಗೆ ಓದಿದೆ. ಬುಡದಿಂದ ಸೂರ್ಯನ ತನಕ. ಎಲ್ಲೋ ಕಣ್ಣು ತಪ್ಪಿರಬೇಕೆಂದು ಮತ್ತೊಮ್ಮೆ ಓದಿದೆ. ನಿನ್ನ ಗಂಡನ ಸೋದರತ್ತೆ ಇದ್ದಳು, ನಿನ್ನ ನಾಯಿಯೂ ಇತ್ತು. ನಾನಿರಲಿಲ್ಲ. ಬರೆದವನು ಮರೆತ ಎಂದುಕೊಳ್ಳುವ ಹಾಗೂ ಇಲ್ಲ, ಹೆಸರು ಹೇಳಬೇಕಾದವಳು ನೀನು. ಸೂಪು ಕುಡಿದೆ, ಚೆನ್ನಾಗಿದೆ ಅಂದೆ, ಬೆಳಗಿನ ಜಾವದ ತನಕ ಮಲಗಿದ ಹಾಗೆ ಮಾಡಿ ಎದ್ದು ಬಂದೆ. ನನ್ನನ್ನು ಯಾಕೆ ಬಿಟ್ಟೆ ಪ್ರುದೆನ್ಸಿಯಾ? ಕಾಗದದಲ್ಲಿ ಬರೆಯಬೇಡ. ಬಂದು, ನನ್ನ ತೊಲೆಯ ಕೆಳಗೆ ನಿಂತು, ಮೇಲಿರುವ ನಿನ್ನ ಮುಖ ನೋಡಿಕೊಂಡು ಹೇಳು.